ಕೆಳಗಿನ ಸಂದಿಗೆ ಹಾಕಿದ ಕಾರ್ಡು

ನೀಶ್ ಪಟ್ಟಣದ ಕಿವಿಯಂತ್ರದ ಅಂಗಡಿಯಲ್ಲಿ ಸರದಿಗೆ ಕಾದಿದ್ದ ಝಾಗೊರ್ಕಾಳಿಗೆ ಪಕ್ಕದ ಮುದುಕ ದಂಪತಿಯ ಮಾತು ಬೇಡವೆಂದರೂ ಕೇಳುತ್ತಿತ್ತು. ಮುದುಕ ವಿತೊಮಿರನ ಹಳೇ ಯಂತ್ರವನ್ನು ಸರಿಹೊಂದಿಸಲು ಅಷ್ಟೇ ಹಳೆಯದೊಂದು ಲ್ಯಾಪ್‌ಟಾಪು ಬೇಕು, ಅದರ ಸಂದಿಗೆ ತೂರಿಸುವ ಕಾರ್ಡೂ ಬೇಕು. ಒಳಕೋಣೆಯಲ್ಲಿ ರಿಪೇರಿಯ ನೆಬೋಯ್ಶ ಕಾರ್ಡು ತೂರಿಸಿದಾಗಲೆಲ್ಲ ಲ್ಯಾಪ್‌ಟಾಪು ಗೊರ್ ಎನ್ನುತ್ತಿತ್ತು.

"ಏನಂತೆ, ರಾದೊಯ್ಕಾ?"

"ಲ್ಯಾಪ್‌ಟಾಪ್‌ಗೆ ಕಾರ್ಡಿನ ಗುರುತು ಸಿಕ್ತಿಲ್ವಂತೆ!" ಹೆಂಡತಿ ಕಿರುಚಿದಳು.

"ಹೊಸ ಲ್ಯಾಪ್‌ಟಾಪ್‌ಗೆ ಹಾಕೋದಪ್ಪ!"

"ಅದ್ರಲ್ಲಿ ಸಂದೀನೇ ಇರಲ್ವಂತೆ!" ಆಮೇಲೆ ತನ್ನಷ್ಟಕ್ಕೆ, "ಕಿವುಡು ಗೂಬೆ."

"ಹನ್ನೊಂದಕ್ಕೆ ಬಸ್ಸು ಕಣೇ. ಮೊಮ್ಮಗಳ ಮದುವೇಲಿ ಬೊಂಬೆ ಥರ ಕೂತಿರ್ಲಾ?"

ನೆಬೋಯ್ಶ ತಲೆ ಹೊರಹಾಕಿದ. "ಅಜ್ಜಿ, ಮೇಲಿನ ಸಂದಿ ಬಿಟ್ಟು ಕೆಳಗಿನದಕ್ಕೆ ಹಾಕಿ ನೋಡ್ತೀನಿ. ಅಜ್ಜನ್ನ ಕಳ್ಸಿ."

ಒಳಗೆ ಲ್ಯಾಪ್‌ಟಾಪು ಈ ಸಲ ಟಿಣ್ ಟಿಣ್ ಎಂದಿತು. ಹತ್ತು ನಿಮಿಷದ ಮೇಲೆ ವಿತೊಮಿರ್ ಹೊರಬಂದ. ರಾದೊಯ್ಕ ಗಡಿಯಾರ ನೋಡುತ್ತ ಗೊಣಗಿದಳು:

"ಈ ಗೂಬೆಯಿಂದ ಬಸ್ಸು ತಪ್ಪುತ್ತೆ."

"ತಪ್ಪಲ್ಲ, ನಡಿ. ಗೂಬೆ ಅಂತ ಎಷ್ಟು ದಿನದಿಂದ ಅಂತಿದ್ದೀಯ?"

ರಾದೊಯ್ಕ ಬಾಗಿಲಲ್ಲೇ ನಿಂತಳು.

"ನಿಂಗೆ ಕೇಳ್ಸಲ್ಲ ಅಂತ ಗೊತ್ತಾದಾಗಿಂದ," ಎಂದಳು, ಮೆಲ್ಲಗೆ.