ಎದುರುಮನೆಯ ಗೇಟಿನ ದೀಪ

ಎಲೆಕ್ಟ್ರಿಕ್ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಅತ್ತೆ ಸೊಸೆ ನಿಂತಿದ್ದರು. ಸೊಸೆಯ ಬುಟ್ಟಿಯಲ್ಲಿ ಮನೆ ಮುಂದೆ ಹಾಕುವ ದೀಪದ ಸರಗಳು.

“ಟೈಮರ್ ತಗೊಂಡ್ಯಾ?”

“ಹೂಂ ಅತ್ತೆ. ಸಂಜೆ ತಾನಾಗೇ ಹತ್ತುತ್ತೆ, ಮಲಗೋ ಹೊತ್ತಿಗೆ ಆರುತ್ತೆ.”

“ಎದುರುಮನೆಯವಳು ವಾಕಿಂಗ್ ಹೊರಡೋ ಹೊತ್ತಿಗೇ ಹತ್ತಬೇಕು, ಹಾಗಿಡು. ಅವಳ ಕಣ್ಣು ಕುಕ್ಕಬೇಕು.”

“ಇನ್ನೂ ಮರೆತಿಲ್ವಾ ನೀವು?”

“ಹೇಗೆ ಮರೀಲಿ? ಹೋದ ವರ್ಷ ಹಬ್ಬದ ದಿನ ನಮ್ಮನೆ ಪೂರ್ತಿ ಕತ್ತಲಾದಾಗ, ನೆಂಟರ ಮುಂದೆ ಬಂದು ‘ಅಯ್ಯೋ ಪಾಪ’ ಅಂದ್ಲಲ್ಲ!”

“ತಪ್ಪು ನಮ್ದೇ. ಒಳಗೆ ಹಾಕೋ ಸರಾನ ಹೊರಗೆ ಹಾಕಿದ್ವಿ. ನೀರು ಬಿದ್ದು ಮೇನ್ ಸ್ವಿಚ್ಚೇ ಟ್ರಿಪ್ ಆಗಿ ಕರೆಂಟ್ ಹೋಯ್ತು.”

“ಈ ಸಲ ಅವಳೂ ಅಂಥದ್ದೇ ತಪ್ಪು ಮಾಡಿದ್ದಾಳೆ. ವೈರ್ ಜಾಯಿಂಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಕಬ್ಬಿಣದ ಗೇಟಿಗೆ ಕಟ್ಟಿದ್ದಾಳೆ. ಒಂದು ಮಳೆ ಬರ್ಲಿ, ಆಗ ನೋಡ್ಕೋತೀನಿ.”

“ಅತ್ತೆ, ಅವರ ಮೊಮ್ಮಗಳು ದಿನಾ ಆ ಗೇಟು ಹಿಡ್ಕೊಂಡೇ ಜೋತಾಡೋದು.”

ಅತ್ತೆ ಸೊಸೆಯ ಬುಟ್ಟಿಯೊಳಗೆ ಕೈಹಾಕಿ ಹುಡುಕಿದರು. ಸಾಲು ಒಂದಿಷ್ಟು ಮುಂದೆ ಸರಿಯಿತು.

“ಜಾಯಿಂಟಿಗೆ ನೀರು ಹೋಗದ ಹಾಗೆ ಮುಚ್ಚೋ ಡಬ್ಬಿ ತಗೊಂಡ್ಯಲ್ಲ, ಇನ್ನೊಂದು ತಗೋ.”

“ಅವರಿಗಾ? ನೀವೇ ಕೊಡ್ತೀರಾ?”

“ಹೂಂ, ಈಗ್ಲೇ.”

“ಮೊದ್ಲು ಸ್ವಿಚ್ ಆರಿಸೋಕೆ ಹೇಳಿ.”

“ಹೇಳ್ದೆ ಬಿಡ್ತೀನಾ? ಅವಳ ಮನೆ ತುಂಬ ನೆಂಟರಿದ್ದಾರೆ. ಅಷ್ಟೂ ಜನರ ಮುಂದೆ ದೀಪ ಆಫ್ ಮಾಡಿಸ್ತೀನಿ. ಆಮೇಲೆ ಡಬ್ಬಿ ಕೈಗಿಡ್ತೀನಿ.”

ಬಿಲ್ಲಾಯಿತು. ಬಾಗಿಲು ದಾಟುವಾಗ ಅತ್ತೆ ‘ಅಯ್ಯೋ ಪಾಪ’ ಎಂಬುದನ್ನು ಒಮ್ಮೆ ಮೆಲ್ಲಗೆ, ಒಮ್ಮೆ ರಾಗ ಎಳೆದು, ಹೇಳಿ ಹೇಳಿ ನೋಡಿಕೊಳ್ಳುತ್ತಿದ್ದರು.