ಜಗ್ಗಿನೊಳಗಿನ ಅಪ್ಪ

ಕಣ್ಣಿಗೆ ಹನಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹೊಲಿಗೆಯಾಕೆಗೆ ಈಗ ಕಿವಿಯೇ ಎಲ್ಲ. ಪಕ್ಕದಲ್ಲೇ ಒಬ್ಬ ಅಪ್ಪ, ಅವನ ಮಗಳು.

“ನನ್ನ ಕಣ್ಣು ಚೆನ್ನಾಗೇ ಇದೆ ಕಣೇ. ಆಪರೇಷನ್ನೂ ಬೇಡ, ಏನೂ ಬೇಡ. ನಡಿ ಮನೆಗೆ.”

“ಕೂತ್ಕೋ ಅಪ್ಪ. ನಮ್ಮ ಸ್ಟೀಲ್ ಜಗ್ಗುಗಳ ಫೋಟೊ ಯಾರು ತೆಗೆಯೋದು?”

“ನಾನೇ. ಆನ್‌ಲೈನ್ ಅಂಗಡಿಗೆ ಹಾಕಿದ್ದಷ್ಟೂ ನಾನು ತೆಗೆದದ್ದೇ. ಒಂದಾದ್ರೂ ಕೆಟ್ಟಿದ್ಯಾ?”

“ಮೊದಲೆಲ್ಲ ನೀನು ಓರೆಯಾಗಿ ನಿಂತು ತೆಗೀತಿದ್ದೆ, ಹೊಳೆಯೋ ಸ್ಟೀಲಿನಲ್ಲಿ ನಿನ್ನ ಬಿಂಬ ಕಾಣಬಾರದು ಅಂತ.”

“ಈಗಲೂ ಕಾಣಲ್ಲ.”

“ನಿನಗೆ ಕಾಣಲ್ಲ. ಮೂರು ತಿಂಗಳಿಂದ ಒಂದೊಂದು ಜಗ್ಗಿನಲ್ಲೂ ನೀನೇ ಇದ್ದೀಯ. ದಿನಾ ಕೂತು ಕಂಪ್ಯೂಟರಿನಲ್ಲಿ ನಿನ್ನನ್ನ ಅಳಿಸ್ತಾ ಇದ್ದೀನಿ.”

ಅಷ್ಟು ಹೊತ್ತು ಗುಡುಗುತ್ತಿದ್ದವನ ದನಿ ತಗ್ಗಿತು.

“ಮೊದಲೇ ಬಾಯಿಬಿಡೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ಕ್ಯಾಮೆರಾ ಮೂಲೆಗಿಟ್ಟುಬಿಡ್ತೀಯ ಅಂತ ಹೆದರಿಕೆ.”

ನರ್ಸ್ ಕರೆದಳು. ಬೆಂಚು ಕಿರುಗುಟ್ಟಿತು; ಅವನು ಎದ್ದಿದ್ದ.

“ಒಂದು ಫೋಟೊ ಅಳಿಸದೆ ಇಡು. ಕಣ್ಣು ಸರಿಹೋದಮೇಲೆ ನಾನೇ ನೋಡ್ತೀನಿ.”

“ತೂತು ಬನಿಯನ್ನಿನಲ್ಲಿ ಇದ್ದೀಯಪ್ಪ.”

“ಹಾಗಾದ್ರೆ ತೂತು ಮಾತ್ರ ಅಳಿಸು.”

ಎರಡು ಜೊತೆ ಚಪ್ಪಲಿಗಳ ಸದ್ದು ನಿಧಾನವಾಗಿ ಒಳಕ್ಕೆ ಹೋಯಿತು.