ತಣ್ಣಗಿದ್ದಾಗ ಬರುವ ಸದ್ದು

ಹಾವೇರಿ ಬಸ್ ನಿಲ್ದಾಣದಲ್ಲಿ ಗುತ್ತಲದ ಬಸ್ಸಿಗೆ ಕಾಯುತ್ತಿದ್ದ ರೋಹಿಣಿಯ ಪಕ್ಕದಲ್ಲಿ ನಡುವಯಸ್ಸಿನ ಗಂಡ ಹೆಂಡತಿ ಬಂದು ನಿಂತರು. ಗಂಡ ನಿಂತಲ್ಲಿ ನಿಲ್ಲಲಾರದೆ, ಜೇಬಿನೊಳಗೆ ಕೈಯಿಟ್ಟು ಏನನ್ನೋ ಕಿಣಿಕಿಣಿ ಆಡಿಸುತ್ತಿದ್ದ.

"ರಾತ್ರಿ ಪಿಕಪ್ ಗಾಡಿ ಗ್ಯಾರೇಜಿನ್ಯಾಗ ಬಿಟ್ಟು ಹೋಗೂದು ನನಗ್ಯಾಕೋ ಸಮಾಧಾನಿಲ್ಲ," ಎಂದ.

"ಮತ್ತೇನ್ ಮಾಡೂದ್ರಿ? ಮುಂಜಾನಿ ತಣ್ಣಗಿದ್ದಾಗಷ್ಟ ಇಂಜಿನ್ ಕಟಕಟ ಅಂತೈತಿ. ಇಲ್ಲಿಗೆ ಬರೂದ್ರಾಗ ಬಿಸಿಯಾಗಿ ಸುಮ್ಮನಾಗತೈತಿ. ಮಿಸ್ತ್ರಿ ಏನು ಕೇಳಬೇಕು?"

"ಹೋದ ವಾರನೂ ಬಿಟ್ಟಿದ್ನಲ್ಲ."

"ಬಿಟ್ರಿ. ಬೆಳಕು ಹರಿಯೂದ್ರಾಗ ಬಂದು, ಅವ ಬರೂದಕ್ಕಿಂತ ಮೊದಲ ನೀವ ಚಾಲೂ ಮಾಡಿ ಬಿಸಿ ಮಾಡಿಟ್ರಿ."

"ರೂಢಿ. ಕೈ ಕೇಳಲಿಲ್ಲ."

"ಇಂಜಿನ್ ಹ್ವಾತು ಅಂತಾನಂತ ಅಂಜೀರಿ."

"ಮೆಣಸಿನಕಾಯಿ ಸುಗ್ಗಿ ಮುಗೀಲಿ ಅಂದೆ, ಅಷ್ಟ."

"ಮಾಲು ಹೇರಿಕೊಂಡು ಬ್ಯಾಡಗಿ ಹಾದ್ಯಾಗ ನಿಂತ್ರ?"

ಬಸ್ಸು ಬಂದದ್ದೇ ತಡ, ಗಂಡ ಎಲ್ಲರಿಗಿಂತ ಮುಂಚೆ ಬಾಗಿಲಿಗೆ ಹೋದ. ಹೆಂಡತಿ ಕದಲಲಿಲ್ಲ.

"ಮುಂಜಾನಿ ಮಿಸ್ತ್ರಿ ಯಾವ ಕೀಲಿಲೇ ಚಾಲೂ ಮಾಡ್ತಾನ್ರಿ?"

ಕಿಣಿಕಿಣಿ ನಿಂತಿತು. ಆತ ತಿರುಗಿ ಬಂದು ಗಾಡಿಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. ಬಸ್ಸು ಬಿಟ್ಟು ಇಬ್ಬರೂ ಗ್ಯಾರೇಜಿನ ಕಡೆ ಹೊರಟರು.

"ನಾಳೆ ಮಿಸ್ತ್ರಿ ಹೇಳೂದನ್ನ ನೀನ ಕೇಳು," ಎನ್ನುತ್ತಿದ್ದ ಆತ. "ನಾ ಹೊರಗ ನಿಂದರ್ತೀನಿ."